ನೀರನ್ನು ಕೇಳಿ ಮಾಡಿದ ದಾರಿ

ಉರಿಬಿಸಿಲು. ಒಣಗಿದ ಕೆಂಪು ದಾರಿಯ ಮೇಲೆ ಹದಿನೈದು ಜನ ಕುಕ್ಕರಗಾಲಿನಲ್ಲಿ ಕೂತಿದ್ದರು. ಒಬ್ಬ ನಿಂತುಕೊಂಡು ಕೊಡದ ನೀರನ್ನು ನಿಧಾನವಾಗಿ ನೆಲಕ್ಕೆ ಸುರಿಯುತ್ತಿದ್ದ. ನೀರು ಮೈತುಂಬ ಧೂಳು ಹೊದ್ದು, ಅತ್ತ ಹೋಗಲೋ ಇತ್ತ ಹೋಗಲೋ ಎಂದು ತಲೆ ಆಡಿಸುತ್ತಾ ಇಳಿಯಿತು. ಎಲ್ಲರ ತಲೆಯೂ ಅದರ ಜತೆಗೆ ತಿರುಗಿತು. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಸೀಮೆಯಲ್ಲಿ ತುಂಬಿದ ಕೊಡವನ್ನು ಹೀಗೆ ಮಣ್ಣಿಗೆ ಸುರಿಯುವುದು ಯಾವ ದೇವರಿಗೆ ಎಂದು ಪಕ್ಕದಲ್ಲಿದ್ದವರನ್ನು ಕೇಳಿದೆ.

"ದೇವ್ರಿಗಲ್ರೀ ಸರ, ಜೀಪಿಗೆ," ಎಂದರು ಮೆಹಬೂಬ್ ಸಾಬ್.

ನನ್ನೂರಾದ ಕುಂದಾಪುರದ ಕಡೆಯ ನಿಮಗೆ ಇದನ್ನು ಮೊದಲಿನಿಂದ ಹೇಳಬೇಕು. ನಾನು ಕೂಡ್ಲಿಗಿಗೆ ಬಂದು ಎರಡು ವರ್ಷ ಆಯಿತು. ಹೆಂಡತಿ ವಿದ್ಯಾ ಪಶುವೈದ್ಯೆ. ಅವಳಿಗೆ ಇಲ್ಲಿ ಕೆಲಸ ಸಿಕ್ಕಿತು. ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟು, ಊರಿಂದೂರಿಗೆ ಕೆಲಸ ಬದಲಿಸುತ್ತಾ ಬಂದವನು. ಈಗ ಮನೆಯಲ್ಲೇ ಕೂತು ಪಠ್ಯಗಳನ್ನು ಅನುವಾದ ಮಾಡುತ್ತೇನೆ. ಆ ಕೆಲಸಕ್ಕೆ ಮೇಜು ಎಲ್ಲಿದ್ದರೂ ನಡೆಯುತ್ತದೆಂದು ಬಂದುಬಿಟ್ಟೆ. ಇಲ್ಲಿ ಆರು ತಿಂಗಳು ನನಗೆ ಹೆಸರೇ ಇರಲಿಲ್ಲ. ಹಾಲು ಕೊಡುವವರಿಂದ ಹಿಡಿದು ಕ್ಷೌರದಂಗಡಿಯವರೆಗೆ ನಾನು "ದನದ ಡಾಕ್ಟರಮ್ಮಾರ ಮನಿಯವ್ರು".

ಬಾಡಿಗೆ ಮನೆ ಸುಲಭವಾಗಿ ಸಿಕ್ಕಿತು. ನಮ್ಮಲ್ಲಾದರೆ ಮನೆ ಕೊಡುವ ಮೊದಲು ಮೂಲ, ಕುಲ, ಮೀನು ತಿನ್ನುವುದು ಉಂಟೋ ಇಲ್ಲವೋ ಎಲ್ಲ ವಿಚಾರಿಸುತ್ತಾರೆ. ಇಲ್ಲಿಯ ಯಜಮಾನಿ ಕೇಳಿದ್ದು ಒಂದೇ: "ರೊಟ್ಟಿ ಬಡಿಯಾಕ ಬರತೈತೇನ್ರೀ?" ನನಗೂ ಬರುತ್ತಿರಲಿಲ್ಲ, ವಿದ್ಯಾಗೂ ಬರುತ್ತಿರಲಿಲ್ಲ. ಊರಿಂದ ತಂದ ಕುಚ್ಚಲಕ್ಕಿ ಮುಗಿದ ವಾರವೇ ಹಿಟ್ಟಿನ ಮುಂದೆ ಸೋತು ಕೂತೆವು. ಸಂಜೆಗೆ ಮಂಡಕ್ಕಿ ಮಿರ್ಚಿ ಇಲ್ಲದೆ ನನಗೆ ಆಗುವುದಿಲ್ಲ ಎಂಬ ಸ್ಥಿತಿ ಬಂದದ್ದು ಆಮೇಲೆ. ಮೊದಲಿನ ತಿಂಗಳುಗಳಲ್ಲಿ ನನ್ನನ್ನು ಕಾಡಿದ್ದು ಊಟವಲ್ಲ, ಆಕಾಶ. ಅಷ್ಟು ದೊಡ್ಡ ಆಕಾಶದ ಕೆಳಗೆ ಮಾತಾಡಲು ಒಬ್ಬರೂ ಇಲ್ಲದಿರುವುದು ನಮ್ಮ ಕಡೆಯ ತೆಂಗಿನ ತೋಟದೊಳಗಿನ ಒಂಟಿತನದಂತಲ್ಲ. ಇಲ್ಲಿ ಅದಕ್ಕೆ ಮರೆಯೇ ಇಲ್ಲ.

ಸ್ಕೂಟರ್ ಕೆಟ್ಟದ್ದು ನನ್ನ ಪುಣ್ಯ. ತಳ್ಳಿಕೊಂಡು ಹೋದದ್ದು ಮೆಹಬೂಬ್ ಸಾಬರ ಗ್ಯಾರೇಜಿಗೆ. ಅಲ್ಲಿ ಒಂದು ಹಳೆಯ ಜೀಪು ನಿಂತಿತ್ತು, ಮೇಲುಹೊದಿಕೆ ಇಲ್ಲದ್ದು, ಬಾಗಿಲಿಲ್ಲದ್ದು. ಡಾಂಬರು ಬಿಟ್ಟು ಕಲ್ಲು, ಕೊರಕಲು, ಹಳ್ಳ ಇರುವ ಹಳೆಯ ಬಂಡಿದಾರಿಗಳಲ್ಲಿ ಅದನ್ನು ಓಡಿಸುವುದು ಅವರ ಮೋಜು. ಅವರೊಬ್ಬರದೇ ಅಲ್ಲ. ಕೊಟ್ಟೂರಿನ ಕಾಳುಕಡಿ ವ್ಯಾಪಾರಿ, ಹಡಗಲಿಯ ಮೇಷ್ಟರು, ಹಗರಿಬೊಮ್ಮನಹಳ್ಳಿ ಹತ್ತಿರದ ಕೋಗಳಿಯ ಕಲ್ಲುಕೆಲಸದ ಗೌಂಡಿ, ಹರಪನಹಳ್ಳಿ ಕಡೆಯ ಚಿಗಟೇರಿಯ ಟ್ರ್ಯಾಕ್ಟರ್ ಕೊಟ್ರೇಶ, ಹೀಗೆ ಐದು ತಾಲೂಕಿನವರ ಒಂದು ಬಳಗ. ಇವರ ದಾರಿ ಹೊಸಹಳ್ಳಿ ಕಡೆಯ ಒಂದು ಹಳೆಯ ಬಂಡಿಜಾಡು. ಅದನ್ನು ರಿಪೇರಿ ಮಾಡಲು ಯಾವ ಗುತ್ತಿಗೆದಾರನೂ ಬರುವುದಿಲ್ಲ. ಆದ್ದರಿಂದ ತಿಂಗಳಿಗೊಂದು ಭಾನುವಾರ ಎಲ್ಲರೂ ಸೇರಿ ಮಣ್ಣು ಹೊರುತ್ತಾರೆ. ಕೂಲಿ ಇಲ್ಲ. ಅರಣ್ಯದ ಗಡಿಕಲ್ಲು ದಾಟಬಾರದು, ಕರಡಿ ಇರುವ ಗುಡ್ಡದ ಕಡೆ ಹಾರ್ನ್ ಹೊಡೆಯಬಾರದು, ಇವು ಚಿಕ್ಕ ನಿಯಮಗಳು. ದೊಡ್ಡ ನಿಯಮ ಒಂದೇ. ಮೆಹಬೂಬರು ಅದನ್ನು ಮೊದಲ ದಿನವೇ ಹೇಳಿದ್ದರು: "ಸಲಿಕಿ ಹಿಡಿಲಾರ್ದೋನು ಸ್ಟೇರಿಂಗ್ ಹಿಡಿಯಂಗಿಲ್ರಿ ಸರ."

ನಾನು ಸಲಿಕೆ ಹಿಡಿದೆ. "ಹಾರಿ ತರ್ರಿ" ಎಂದರೆ, ನಮ್ಮ ಕಡೆ ಹಾರೆ ಎಂದರೆ ಮಣ್ಣು ಅಗೆಯುವುದು ತಾನೇ ಎಂದು ಗುದ್ದಲಿ ತಂದು ಕೊಟ್ಟೆ. ಇಲ್ಲಿ ಅದು ಕಲ್ಲು ಮೀಟುವ ಕಬ್ಬಿಣದ ಸಲಾಕೆ. ಅಂಗೈಯ ಬೊಬ್ಬೆ ಒಡೆದು ಗಟ್ಟಿಯಾಗುವ ಹೊತ್ತಿಗೆ ನನಗೆ ಹೆಸರು ಬಂದಿತ್ತು. ಕೆಲಸ ಮುಗಿದ ಮೇಲೆ ಅವರು ಏಕೆ ನೀರು ಸುರಿಯುತ್ತಾರೆ ಎಂಬುದೂ ಅರ್ಥವಾಗಿತ್ತು. ಮಳೆ ಬಂದಾಗ ನೀರು ಎಲ್ಲಿ ಹೊರಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ದಾರಿಯನ್ನು ಕೊರೆಯುತ್ತದೆ ಎಂದು ಮೊದಲೇ ನೋಡಿಕೊಳ್ಳುವುದು. ಇದಕ್ಕೆ ಅವರು "ನೀರಿಗೆ ಕೇಳೋದು" ಎನ್ನುತ್ತಾರೆ. ಕೇಳದೆ ಕೆಲಸ ಮುಗಿಸಬಾರದು.

ನಾನು ಮುಗಿಸಿದೆ.

ಯುಗಾದಿ ಕಳೆದ ಮೇಲಿನ ಒಂದು ಭಾನುವಾರ. ಬಂಡಿದಾರಿ ಒಂದು ಕಡೆ ಓಬಮ್ಮ ಎಂಬ ಹೆಂಗಸಿನ ಶೇಂಗಾ ಹೊಲದ ಅಂಚಿನ ಮೇಲೆ ಹಾದುಹೋಗುತ್ತದೆ. ಆ ಅಂಚು ಅವಳದು, ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದಳು. ದಾರಿಯ ಆಚೆ ಬದಿಗೆ ಬಂಡೆ, ಅದರಾಚೆಗೆ ಅರಣ್ಯ. ಅವಳು ಬೇಡ ಎಂದರೆ ದಾರಿ ಅಲ್ಲಿಗೇ ತುಂಡಾಗುತ್ತದೆ. ಆ ಇಳಿಜಾರಿನಲ್ಲಿ ನಾವು ಒಂದು ಕಣಿ ತೋಡಿದೆವು. ಕಣಿ ಗೊತ್ತಲ್ಲ, ನಮ್ಮ ಮನೆಗಳ ಸುತ್ತ ಇರುತ್ತದಲ್ಲ, ನೀರು ಹೋಗಲು ಆಳವಾದ, ನೇರವಾದ ಚರಂಡಿ. ಮೂರು ತಿಂಗಳು ಎಡೆಬಿಡದೆ ಸುರಿಯುವ ನಮ್ಮ ಮಳೆಗೆ, ನಮ್ಮ ಗಟ್ಟಿ ಮುರಕಲ್ಲಿನ ನೆಲಕ್ಕೆ ಅದು ಸರಿ. ಇಲ್ಲಿಯ ಮಳೆ ವರ್ಷದಲ್ಲಿ ನಾಲ್ಕು ಸಲ ಬಂದರೂ ಹೊಡೆಯಲೆಂದೇ ಬರುತ್ತದೆ. ಇಲ್ಲಿಯ ಮಸಾರಿ, ಅಂದರೆ ಸಡಿಲವಾದ ಕೆಂಪು ಮಣ್ಣು, ಹರಿಯುವ ನೀರಿನ ಜತೆಗೇ ಎದ್ದು ಹೊರಡುತ್ತದೆ. ಮುಂಗಾರಿಗೆ ಮುಂಚೆ, ಮೇ ತಿಂಗಳ ಮೊದಲ ಅಡ್ಡಮಳೆಗೆ ನಮ್ಮ ನೇರ ಕಣಿ ಆಳೆತ್ತರದ ಕೊರಕಲಾಯಿತು. ಅದರ ಮಣ್ಣೆಲ್ಲ ಓಬಮ್ಮ ಬಿತ್ತನೆಗೆಂದು ಹರಗಿಟ್ಟ ಹೊಲದಲ್ಲಿ ಉಸುಕಾಗಿ ಹಾಸಿಕೊಂಡಿತು.

ಮರುದಿನ ಅವಳು ಕೈಯಲ್ಲಿ ಕುಡುಗೋಲು ಹಿಡಿದೇ ನಿಂತಿದ್ದಳು.

"ಏನೋ ಮಾಬುಸಾಬ, ನಿನ್ನ ಜೀಪಿಗೆ ದಾರಿ ಬಿಟ್ರ ನನ್ನ ಹೊಲಕ್ಕ ಹಳ್ಳಾನ ಕರಕೊಂಡ್ ಬಂದ್ಯಾ?"

"ತಪ್ಪಾತು ಯಮ್ಮಾ. ನಮ್ದ ತಪ್ಪು. ಬಿತ್ತಾದ್ರೊಳಗ ತಗದು ಕೊಡ್ತೀವಿ."

"ಉಸುಕಿನ್ಯಾಗ ಶೇಂಗಾ ಬಿತ್ತಿ ನಿಮ್ಮ ಜೀಪು ನೋಡ್ಕೋತ ಕುಂದರ್ಲೇನು? ಜಾಲಿಮುಳ್ಳು ಕಡದು ಇಟ್ಟೀನಿ ನೋಡು ಅಲ್ಲಿ. ದಾರಿಗೆ ಅಡ್ಡ ಹಚ್ಚತೀನಿ."

ಮೆಹಬೂಬರು ತಲೆ ತಗ್ಗಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ಏಕೆಂದರೆ ಅವತ್ತು "ಹೊತ್ತಾತು, ನೀರು ಬ್ಯಾಡ ಬಿಡ್ರಿ" ಎಂದವರು ಮೆಹಬೂಬರೇ ಎಂಬುದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅವರ ಧ್ವನಿ ನೆನಪಿತ್ತು. ಹಾಗೆನ್ನುವಾಗ ಹೆಗಲ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡದ್ದೂ ನೆನಪಿತ್ತು.

ನನ್ನ ಕಷ್ಟ ಏನೆಂದರೆ, ಯಾವ ನೆನಪು ತೀರಾ ಸ್ಪಷ್ಟವಾಗಿರುತ್ತದೋ ಅದರ ಮೇಲೆ ನನಗೆ ಮೊದಲು ಅನುಮಾನ ಬರುತ್ತದೆ. ವಿಶ್ವವಿದ್ಯಾಲಯ ನನಗೆ ಕಲಿಸಿದ ಒಂದೇ ಉಪಯೋಗದ ಚಟ ಅದು. ಆ ಮಧ್ಯಾಹ್ನ ಬಳಗದ ವಾಟ್ಸ್ಯಾಪ್ ಗುಂಪು ತೆಗೆದು ಹಿಂದಕ್ಕೆ ಹೋದೆ. ಆ ಭಾನುವಾರದ, ಮೆಹಬೂಬರು ನೀರು ತರಲು ಹೋಗಿದ್ದ ಹೊತ್ತಿನ ಒಂದು ಧ್ವನಿ ಸಂದೇಶ ಸಿಕ್ಕಿತು. ನನ್ನದೇ ಧ್ವನಿ.

"ಮೆಹಬೂಬರೇ, ನೀರು ತರುವುದೇನೂ ಬೇಡ. ಇಳಿಜಾರಿನ ಲೆಕ್ಕ ನಾನು ಹಾಕಿದ್ದೇನೆ. ಇಲ್ಲಿ ನೀರು ಎತ್ತ ಹೋಗುತ್ತದೆಂದು ನೀರಿಗಿಂತ ಮೊದಲು ನನಗೆ ಗೊತ್ತು."

ಅದರ ಕೆಳಗೆ ಮೆಹಬೂಬರ ಉತ್ತರ: "ಆತ್ರಿ ಸರ."

ವಿದ್ಯಾಳಿಗೆ ಕೇಳಿಸಿದೆ. ಅವಳು ಎರಡು ಸಲ ಕೇಳಿ ಫೋನು ವಾಪಸ್ಸು ಕೊಟ್ಟಳು. "ನಿಮ್ಮ ನೆನಪಿಗೆ ಎಂತದೂ ಆಗಲಿಲ್ಲ ಮಾರಾಯ್ರೆ. ಅದು ನಿಮ್ಮ ಪರವಾಗಿ ವಕಾಲತ್ತು ಮಾಡ್ತಾ ಉಂಟು, ಅಷ್ಟೆ."

ಗ್ಯಾರೇಜಿಗೆ ಹೋಗಿ ತಪ್ಪು ನನ್ನದು ಎಂದೆ. ಮೆಹಬೂಬರು ಕಾರ್ಬುರೇಟರ್ ಊದುತ್ತಿದ್ದವರು ತಲೆ ಎತ್ತಲಿಲ್ಲ.

"ಗೊತ್ತೈತ್ರಿ ಸರ."

"ಮತ್ತೆ ಅಲ್ಲಿ ಯಾಕೆ ಹೇಳಲಿಲ್ಲ?"

"ಗಾಡಿ ಕೆಸರಾಗ ಹುಗದ್ರ ಎಲ್ಲಾರೂ ಇಳದು ನೂಕ್ಬೇಕ್ರಿ. ಒಳಗ ಕುಂತು ಡ್ರೈವರನ್ನ ಬೈಕೋತ ಇದ್ರ ಅದು ಮ್ಯಾಲ ಬರತೈತೇನು?" ಆಮೇಲೆ ನಕ್ಕರು. "ಆದ್ರ ಓಬಮ್ಮಗ ನೀವ ಹೇಳ್ರಿ. ನಾ ತಪ್ಪು ಒಪ್ಪಿಕೊಂಡು ಒಪ್ಪಿಕೊಂಡು ಕುತ್ತಿಗಿ ಹಿಡಕೊಂಡೈತಿ."

ಓಬಮ್ಮ ಹೊಲದಲ್ಲಿ ಕಲ್ಲು ಆಯುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ನಾನು ಬದುವಿನ ಮೇಲೆ ನಿಂತು ಪೂರ್ತಿ ಹೇಳಿದೆ: ಕಣಿ ತೋಡಿಸಿದ್ದು ನಾನು, ನೀರು ಬೇಡ ಎಂದದ್ದು ನಾನು, ಅವತ್ತು ಸುಮ್ಮನೆ ನಿಂತದ್ದೂ ನಾನು.

"ಇದು ಹೇಳಾಕ ಇಷ್ಟು ದೂರ ಬಂದ್ಯೇನಪ್ಪಾ? ನನಗ ಮೊದ್ಲಾ ಗೊತ್ತಿತ್ತು."

"ಯಾರು ಹೇಳಿದರು?"

"ಯಾರು ಹೇಳ್ಬೇಕು? ನಮ್ಮ ಕಡಿ ಮಂದಿ ಇಷ್ಟು ನೆಟ್ಟಗ ಅಗಿಯಂಗಿಲ್ಲ. ಹಗ್ಗ ಹಿಡದಂಗ ಐತಿ. ಓದಿದ ಕೈಯ್ದು ಅದು. ಆ ಸಾಬ ನಂದ ತಪ್ಪು, ನಂದ ತಪ್ಪು ಅಂದಾಗ ನನಗ ಬೈಯಾಕ ಆಗವಲ್ದು, ನಗು ಬರಾಕತ್ತಿತ್ತು."

ಹಾಗೆಂದು ಅವಳು ಬಿಟ್ಟುಬಿಡಲಿಲ್ಲ. ಕೈಯಲ್ಲೊಂದು ಕೋಲು ಹಿಡಿದು ನನ್ನನ್ನು ದಾರಿಗುಂಟ ಕರೆದುಕೊಂಡು ಹೋದಳು. ಇಪ್ಪತ್ತು ಹೆಜ್ಜೆಗೊಂದು ಕಡೆ ನೆಲದ ಮೇಲೆ ಅಡ್ಡ ಗೆರೆ ಎಳೆದಳು, ಓರೆಯಾಗಿ, ಬಂಡೆಯ ಕಡೆಯ ಹುಲ್ಲಿಗೆ ಮುಖ ಮಾಡಿ. "ನೀರು ಅಂದ್ರ ಕುರಿ ಇದ್ದಂಗ. ಹಿಂಡಿಗೆ ಹಿಂಡು ಬಿಟ್ರ ಹೊಲ ಹಾಳು. ನಾಕ ನಾಕ ಬಿಡಿಸಿ ಆಕಡೀಗೆ ಹೊಡಿ, ಹುಲ್ಲು ಮೇಕೊಂಡು ಹೋಗತಾವ." ಆರು ವರ್ಷ ಓದಿಯೂ ನೀರಿನ ವೇಗದ ಬಗ್ಗೆ ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಷರತ್ತು ಹೇಳಿದಳು. ಬಿತ್ತನೆಗೆ ಮೊದಲು ಹೊಲ ಚೊಕ್ಕ ಆಗಬೇಕು. ಒಂದು ದೊಡ್ಡ ಮಳೆ ನೋಡುತ್ತಾಳೆ. ಮತ್ತೆ ಉಸುಕು ಬಂದರೆ ಮುಳ್ಳು.

ಮುಂದಿನ ಭಾನುವಾರ ನಲವತ್ತು ಜನ ಬಂದರು. ಗುಂಪಿನಲ್ಲಿ ನಾನು ಬರೆದದ್ದು ಒಂದೇ ಸಾಲು: ತಪ್ಪು ನನ್ನದು, ಬನ್ನಿ. ಹಡಗಲಿಯ ಮೇಷ್ಟರು ಮೊದಲ ಬಸ್ಸಿಗೇ ಬಂದಿಳಿದಿದ್ದರು. ಕೊಟ್ರೇಶ ಚಿಗಟೇರಿಯಿಂದ ಟ್ರ್ಯಾಕ್ಟರ್ ತಂದಿದ್ದ. ಆದರೆ ಹರಗಿದ ಹೊಲ ತುಳಿದರೆ ಗಟ್ಟಿಯಾಗುತ್ತದೆಂದು ಓಬಮ್ಮ ಗಾಲಿ ಇಳಿಸಗೊಡಲಿಲ್ಲ. ಸಾಲು ನಿಂತು ಪುಟ್ಟಿಯಿಂದ ಪುಟ್ಟಿಗೆ ಕೈ ಬದಲಿಸಿ ಉಸುಕನ್ನೆಲ್ಲ ಮೇಲಕ್ಕೆ ಹೊತ್ತೆವು. ಅದೇ ಉಸುಕು, ಅದರ ಜತೆಗೆ ಕಲ್ಲು, ನನ್ನ ಕಣಿಯ ಹೊಟ್ಟೆ ಸೇರಿದವು. ಅವಳು ಎಳೆದ ಗೆರೆಗಳ ಮೇಲೆ ಕೋಗಳಿಯ ಗೌಂಡಿ ಕಲ್ಲು ಕೂರಿಸಿದ. ಅರ್ಧ ಹೂತು, ಮೇಲೆ ಒಂದು ಮುಷ್ಟಿಯಷ್ಟು ಮಾತ್ರ ಕಾಣುವಂತೆ. ಗಾಲಿ ಹತ್ತಿ ಇಳಿಯಬೇಕು, ನೀರು ಹತ್ತಬಾರದು. ಮಧ್ಯಾಹ್ನ ಬೇವಿನ ಮರದ ಕೆಳಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮೇಷ್ಟರ ರೊಟ್ಟಿಯನ್ನು ಮೆಹಬೂಬರು, ಮೆಹಬೂಬರ ಮನೆಯ ಪಲ್ಯವನ್ನು ಓಬಮ್ಮ, ಅವಳು ತಂದ ಚಟ್ನಿಯನ್ನು ಎಲ್ಲರೂ ತಿಂದರು.

ಸಂಜೆ ನೀರನ್ನು ಕೇಳುವ ಹೊತ್ತಾಯಿತು. ಕೊಡವನ್ನು ಓಬಮ್ಮನ ಕೈಗೆ ಕೊಟ್ಟೆವು. ಅವಳು ಸುರಿಯುವ ಮುಂಚೆ ಕೊಟ್ರೇಶ ನನ್ನ ಕಡೆ ತಿರುಗಿದ.

"ಸರ, ಈ ಸಲಾನೂ ನೀರಿಗಿಂತ ಮೊದ್ಲು ನಿಮಗ ಗೊತ್ತೈತೇನ್ರೀ?"

ನಲವತ್ತು ಜನ ಒಟ್ಟಿಗೆ ನಕ್ಕರು. ಆ ಧ್ವನಿ ಸಂದೇಶವನ್ನು ಎಲ್ಲರೂ ಮೊದಲೇ ಕೇಳಿದ್ದರು. ನನಗೆ ಮಾತ್ರ ಮರೆತಿತ್ತು. ನಾನೂ ನಕ್ಕೆ. ಊರು ಬಿಟ್ಟ ಮೇಲೆ ಯಾರೂ ನನ್ನನ್ನು ಅಷ್ಟು ಸಲಿಗೆಯಿಂದ ಗೇಲಿ ಮಾಡಿರಲಿಲ್ಲ.

ದೊಡ್ಡ ಮಳೆ ಬಂದದ್ದು ಜೂನ್ ನಡುವೆ, ಹಾಡುಹಗಲಲ್ಲಿ. ನಮ್ಮಲ್ಲಿ ಮಳೆ ಸಮುದ್ರದ ಮೇಲಿನಿಂದ ಕಪ್ಪಾಗಿ, ಸದ್ದು ಮಾಡುತ್ತಾ ಬರುತ್ತದೆ. ಇಲ್ಲಿ ಮೊದಲು ಕೆಂಪು ಧೂಳಿನ ಗೋಡೆ ಎದ್ದಿತು, ಅದರ ಹಿಂದಿನಿಂದ ಕಲ್ಲಿನಂಥ ಹನಿ. ಮೆಹಬೂಬರ ಜೀಪಿನಲ್ಲಿ ನಾವಿಬ್ಬರೂ ನೆನೆಯುತ್ತಲೇ ಹೋದೆವು. ಓಬಮ್ಮ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಆಗಲೇ ಬದುವಿನ ಮೇಲಿದ್ದಳು. ಮೇಲಿನಿಂದ ಕೆಂಪು ನೀರು ಧುಮುಕಿ ಬಂತು. ಮೊದಲ ಕಲ್ಲಿಗೆ ತಾಗಿ, ಒಂದು ಕ್ಷಣ ತುಂಬಿ ನಿಂತು, ಹೊರಳಿ ಹುಲ್ಲಿಗೆ ಇಳಿಯಿತು. ಉಳಿದದ್ದು ಎರಡನೆಯ ಕಲ್ಲಿಗೆ ಬಂತು, ಅಲ್ಲೂ ಹೊರಳಿತು. ಮೂರು. ನಾಲ್ಕು. ಕೆಳಗಿನ ಕಲ್ಲಿನ ಹತ್ತಿರ ಬರುವಾಗ ಅದು ಬರೀ ಅಂಗೈ ಅಗಲ.

ನಾನು ಪ್ರಬಂಧಗಳನ್ನು ಬರೆದಿದ್ದೇನೆ, ಅವು ಅಚ್ಚಾಗಿವೆ. ಅವನ್ನು ತೋರಿಸಲು ಯಾರನ್ನೂ ಮಳೆಯಲ್ಲಿ ನಿಲ್ಲಿಸುವ ಧೈರ್ಯ ನನಗಿಲ್ಲ. ಈ ಕಲ್ಲಿನ ಸಾಲುಗಳನ್ನು ತೋರಿಸಲು ನಿಮ್ಮೆಲ್ಲರನ್ನೂ ಕರೆದುಕೊಂಡು ಬಂದು ಅಲ್ಲಿ ನಿಲ್ಲಿಸಬೇಕು ಎನ್ನಿಸಿತು. ಅವುಗಳಲ್ಲಿ ಎರಡು ನಾನು ಹೊತ್ತ ಕಲ್ಲುಗಳು. ಯಾವುವು ಎಂದು ಈಗ ಗುರುತು ಸಿಗುವುದಿಲ್ಲ, ಅದೂ ಹೆಮ್ಮೆಯೇ.

ಮಳೆ ಇಳಿದ ಮೇಲೆ ಓಬಮ್ಮ ಹೊಲದ ಅಂಚಿಗೆ ಇಳಿದು ಒಂದು ಹಿಡಿ ಮಣ್ಣು ತೆಗೆದು ಹಿಸುಕಿದಳು. ಉಸುಕು ಇರಲಿಲ್ಲ. ಇನ್ನೊಂದು ಕಡೆಯೂ ನೋಡಿದಳು. ಆಮೇಲೆ ಮುಳ್ಳಿನ ರಾಶಿಯ ಕಡೆ ಕೈ ತೋರಿಸಿದಳು.

"ಮಾಬುಸಾಬ, ಆ ಮುಳ್ಳು ಎಳಕೊಂಡ್ ಹೋಗಿ ನನ್ನ ಆಡಿನ ಹಟ್ಟಿಗೆ ಹಚ್ಚು. ಸುಮ್ನ ಕಡದಂಗಾತು."

ನಾವಿಬ್ಬರೂ ಎಳೆದೆವು. ನನ್ನ ಅಂಗಿ ಹರಿಯಿತು. ಮೆಹಬೂಬರು ನನಗೆ ಸ್ಟೇರಿಂಗ್ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತರು. ಹೊರಡುವ ಹೊತ್ತಿಗೆ ಓಬಮ್ಮ ಜೀಪಿನ ಹತ್ತಿರ ಬಂದು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದಳು.

"ನಿಮ್ಮೂರ ಕಡಿ ಮಳಿ ಹೆಂಗೈತಪ್ಪಾ ಈ ವರ್ಷ? ಯಾವತ್ತು ಹಿಡೀತು?"

ಹುಟ್ಟಿದಾಗಿನಿಂದ ಪ್ರತಿ ವರ್ಷವೂ ನನಗೆ ಗೊತ್ತಿರುತ್ತಿದ್ದ ಸಂಗತಿ ಅದು. ಎಲ್ಲಿದ್ದರೂ ಫೋನು ಮಾಡಿ ಕೇಳುತ್ತಿದ್ದೆ. ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿನದೇ ತಪ್ಪು ಎಂದು ಈ ಸಲ ಹೇಳುವಂತಿರಲಿಲ್ಲ. ಜೂನ್ ಅರ್ಧ ಕಳೆದಿತ್ತು. ಊರಿನಲ್ಲಿರುವ ನಿಮ್ಮಲ್ಲಿ ಯಾರನ್ನೂ ನಾನು ಕೇಳಿಯೇ ಇರಲಿಲ್ಲ.