ಅಕ್ಕನ ಕುರಿ ತಾಂಡೂರಿಗೆ ಹೋದದ್ದು

ಕೂತಲ್ಲಿ ಕೂರುವುದು ನನಗೆ ಬರುವುದಿಲ್ಲ. ಬಸ್ಸಿನ ಕಂಡಕ್ಟರ್ ಆದ ಮೇಲೆ ಅಂಟಿದ ಚಾಳಿಯೋ, ಈ ಚಾಳಿ ಇದ್ದುದಕ್ಕೇ ಆ ನೌಕರಿ ಹಿಡಿದೆನೋ, ಈಗ ಹೇಳುವುದು ಕಷ್ಟ. ಮನೆ ಇರುವುದು ಜಹೀರಾಬಾದಿನಲ್ಲಿ, ನಾನಿರುವುದು ರಸ್ತೆಯಲ್ಲಿ. ಬೇರೆಯವರ ಗಾಡಿಯಲ್ಲಿ ಸುಮ್ಮನೆ ಕೂತು ಹೋಗಬೇಕಾಗಿ ಬಂದರಂತೂ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ, ಬಾಯಿ ಮುಂದಿನ ಸ್ಟಾಪಿನ ಹೆಸರು ಕೂಗಲು ತೆರೆದುಕೊಳ್ಳುತ್ತದೆ. ಹೀಗಿರುವವಳು ಹೋದ ದೀಪಾವಳಿಯ ಮುಂಚೆ ತಮ್ಮನ ಟ್ರಾಲಿ ಆಟೋದಲ್ಲಿ, ಹಿಂದೆ ಒಂದು ಕುರಿ ಕಟ್ಟಿಕೊಂಡು, ತಾಂಡೂರಿನ ಅಕ್ಕನ ಮನೆಗೆ ಹೊರಟೆ.

ಕುರಿ ಅಕ್ಕನದು. ಅದನ್ನು ಅವಳಿಗೆ ಒಪ್ಪಿಸಿ ಅವಳ ಸಿಟ್ಟು ಇಳಿಸಿ ಬರಬೇಕು ಎನ್ನುವುದು ನನ್ನ ಯೋಜನೆ. ಇಳಿಯದಿದ್ದರೆ ಅಕ್ಕ ಇನ್ನು ತವರಿಗೆ ಕಾಲಿಡುವುದಿಲ್ಲ ಎಂಬ ಭಯ ನನಗೂ ಇತ್ತು, ತಮ್ಮನಿಗೂ ಇತ್ತು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನಮಗೆ ತವರು ಅಂದರೆ ಮನೂರ್ ಕಡೆಯ ಹಳ್ಳಿಯಲ್ಲಿರುವ ಈ ತಮ್ಮನೊಬ್ಬನೇ.

ನಮ್ಮದು ಕುರಿ ಸಾಕುವ ಮನೆ. ಮಗಳ ಮದುವೆಯಾದ ವರ್ಷ ಹಿಂಡಿನಲ್ಲಿ ಒಂದು ಹೆಣ್ಣುಮರಿಯನ್ನು ಅವಳ ಹೆಸರಿಗೆ ಬಿಟ್ಟು, ಕಿವಿಗೆ ಗುರುತು ಮಾಡುತ್ತಾರೆ. ಅಕ್ಕನ ಗುರುತು ಎಡಗಿವಿಯ ತುದಿಯಲ್ಲಿ ಒಂದು ಸೀಳು. ನನ್ನದು ಬಲಗಿವಿಯಲ್ಲಿ ತೂತು. ಆ ಕುರಿ ಮಗಳ ಹಿಂದೆ ಗಂಡನ ಮನೆಗೆ ಹೋಗುವುದಿಲ್ಲ, ತವರಿನ ಹಿಂಡಿನಲ್ಲೇ ಮೇಯುತ್ತದೆ. ಅದಕ್ಕೆ ವಯಸ್ಸಾದರೆ ಅದರ ಮರಿಯ ಕಿವಿಗೆ ಅದೇ ಗುರುತು ಬೀಳುತ್ತದೆ. ಅದರ ಉಣ್ಣೆಯ ಕಂಬಳಿ ಮಗಳಿಗೆ. ಮಗಳು ದೀಪಾವಳಿಗೆ ಬಂದು ಹಟ್ಟಿಯಲ್ಲಿ ತನ್ನ ಕುರಿಯ ಹಣೆಗೆ ಅರಿಶಿನ ಹಚ್ಚಿ, ಅದಕ್ಕೊಂದು ಹೋಳಿಗೆ ತಿನ್ನಿಸಿ, ಆಮೇಲೆ ತಾನು ಉಣ್ಣಬೇಕು. ಅಕ್ಕ ಮದುವೆಯಾದಾಗಿನಿಂದ ಒಂದು ದೀಪಾವಳಿಯನ್ನೂ ತಪ್ಪಿಸಿದವಳಲ್ಲ. ನಾನು ತಪ್ಪಿಸುತ್ತಲೇ ಬಂದವಳು. ಹಬ್ಬದಲ್ಲಿ ಊರೆಲ್ಲ ತವರಿಗೆ ಹೋಗುವಾಗ ಅವರಿಗೆ ಟಿಕೆಟ್ ಹರಿಯಲು ಒಬ್ಬಳು ಬೇಕಲ್ಲ.

ಆ ಮಳೆಗಾಲದಲ್ಲಿ ತಮ್ಮ ಹಿಂಡು ಮಾರಿಬಿಟ್ಟ. ಮೇಯಿಸುತ್ತಿದ್ದ ಬಯಲುಗಳಿಗೆ ತಂತಿ ಬೇಲಿ ಬಿದ್ದಿತ್ತು, ಉಳಿದಲ್ಲಿ ಕಬ್ಬು ಬಂದಿತ್ತು, ದಿನಾ ಒಬ್ಬರಲ್ಲ ಒಬ್ಬರ ಜೊತೆ ಜಗಳ. ಹಿಂಡು ಕೊಟ್ಟು ಟ್ರಾಲಿ ಆಟೋ ತಂದ. ಮಾರುವ ಮುನ್ನ ನನಗೊಂದು ಫೋನ್ ಮಾಡಿದ್ದ. ಆಗ ನಾನು ತುಂಬಿದ ಬಸ್ಸಿನಲ್ಲಿ ಚಿಲ್ಲರೆಗಾಗಿ ಒಬ್ಬನ ಜೊತೆ ಕಾದಾಡುತ್ತಿದ್ದೆ. ‘ನಂದೂ ಮಾರಿಬಿಡು ಮಾರಾಯ, ನನಗ್ಯಾಕ ಕುರಿ’ ಎಂದು ಫೋನ್ ಇಟ್ಟೆ. ಅಕ್ಕನಿಗೆ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಅವಳಿಗೆ ಸುದ್ದಿ ಬೇರೆ ಯಾರಿಂದಲೋ ತಲುಪಿತು. ಆಮೇಲೆ ಅವನು ಎಷ್ಟು ಸಲ ಫೋನ್ ಮಾಡಿದರೂ ಅವಳದು ಒಂದೇ ‘ಹ್ಞೂಂ’.

ಅವಳ ಕುರಿಯನ್ನು ಅವನು ಮಾರಿರಲಿಲ್ಲ. ಅದು ತಿಳಿದದ್ದೇ ನಾನು ಚುರುಕಾದೆ. ಅವಳ ಸೊತ್ತು ಅವಳ ಬಾಗಿಲಿಗೆ ಮುಟ್ಟಿಸೋಣ, ಖುಷಿಯಾಗುತ್ತಾಳೆ ಎಂದೆ. ತಮ್ಮ, ‘ನೀ ಅಂದ್ರ ಆತು’ ಎಂದ. ಒಪ್ಪಿದ್ದಾನೆ ಎಂದುಕೊಂಡೆ. ಅಕ್ಕನಿಗೆ ನಾನೇ ಫೋನ್ ಮಾಡಿ ನಿನ್ನ ಕುರಿ ತರುತ್ತಿದ್ದೇವೆ ಎಂದು ಹೇಳಿದೆ. ‘ಬರೂದಿದ್ರ ಬರ್ರಿ’ ಎಂದಳು, ಕಟ್ ಮಾಡಿದಳು.

ತಮ್ಮ ಬೆಳಕು ಹರಿಯುವ ಮುಂಚೆ ಮನೂರ್ ಬಿಟ್ಟು, ನಾರಾಯಣಖೇಡ್ ದಾಟಿ, ಮಂಜೀರಾ ಸೇತುವೆ ಹಾದು ಜಹೀರಾಬಾದಿಗೆ ಬಂದಿದ್ದ. ನಾನು ಅವನ ಪಕ್ಕ ಹತ್ತಿದೆ. ಊರ ಹೊರಗೆ ಬರುವಷ್ಟರಲ್ಲೇ ನನ್ನ ಪೀಡೆ ಶುರುವಾಯಿತು. ಎಡಕ್ಕೆ ತಗೋ, ಹಾರ್ನ್ ಹೊಡಿ, ಆ ಲಾರಿ ಹಿಂದೆ ಯಾಕೆ ತೆವಳುತ್ತಾ ಹೋಗುತ್ತೀ. ಅವನು ಎಲ್ಲದಕ್ಕೂ ಹ್ಞೂಂ ಎನ್ನುತ್ತಾ ತನಗೆ ತೋಚಿದಂತೆ ಓಡಿಸುತ್ತಿದ್ದ. ಹಿಂದೆ ಕುರಿ ಒದರುತ್ತಿತ್ತು. ಹಿಂಡಿಲ್ಲದೆ ಒಂಟಿಯಾಗಿ ಎಲ್ಲಿಗೂ ಹೋಗದ ಪ್ರಾಣಿ ಅದು. ಅದರ ಒದರಾಟ ಕೇಳಲಾರದೆ, ಗಾಡಿ ನಿಲ್ಲಿಸಲು ಹೇಳಿ, ಹಿಂದೆ ಹೋಗಿ ಅದರ ಪಕ್ಕವೇ ಕೂತೆ. ಅದು ಸುಮ್ಮನಾಯಿತು, ನಾನು ಆಗಲಿಲ್ಲ.

ಕುಂಚಾವರಂ ಕಾಡಿನ ಗುಡ್ಡಗಳು ಬಂದವು. ನಿಜವಾದ ಬೆಟ್ಟ ಕಂಡವರು ಇವನ್ನು ನೋಡಿ ನಗಬಹುದು. ಆದರೆ ಜೋಳದ ಹೊಲಗಳ ಬಯಲಿನಲ್ಲಿ ಬೆಳೆದ ನಮಗೆ ರಸ್ತೆ ಎರಡು ಸಲ ತಿರುಗಿ ಮೇಲೇರಿದರೆ ಸಾಕು, ಎದೆ ಢವಢವ ಎನ್ನುತ್ತದೆ. ತುಂಬಿದ ಬಸ್ಸಿನಲ್ಲಿ ನಿಂತುಕೊಂಡು ಇಂಥ ಏರು ಎಷ್ಟೋ ಹತ್ತಿದ್ದೇನೆ, ಆಗೇನೂ ಅನ್ನಿಸುವುದಿಲ್ಲ. ಈಗ ಕುರಿಯ ಹಗ್ಗವನ್ನು ಬಿಗಿಯಾಗಿ ಹಿಡಿದು ಕೂತು, ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಬೈದರೆ ಏನು ಹೇಳುವುದು ಎಂದು ಉತ್ತರ ಹೊಂದಿಸುತ್ತಿದ್ದೆ. ಹೊಂದಿಸಿದ ಉತ್ತರಗಳೆಲ್ಲ ನನಗೇ ಜಗಳದಂತೆ ಕೇಳುತ್ತಿದ್ದವು.

ಏರಿನ ನಡುವೆ ಇಂಜಿನ್ ಕಾಯ್ದು ತಮ್ಮ ಗಾಡಿ ನಿಲ್ಲಿಸಿದ. ಆರುವ ತನಕ ಕಾಯಬೇಕು ಎಂದ. ಕಾಯುವುದು ನನಗೆ ಆಗದ ಕೆಲಸ. ಕುರಿಗೆ ನೀರು ಕುಡಿಸುತ್ತೇನೆ ಎಂದು ಕೆಳಗಿಳಿಸಿದೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಫೋನ್. ಅಕ್ಕನಿಗೆ ಮತ್ತೆ ಹಚ್ಚಿ ನೋಡೋಣ ಎಂದು ತಲೆ ಬಗ್ಗಿಸಿದೆನೋ ಇಲ್ಲವೋ, ಹಗ್ಗ ಜಾರಿತು. ಕುರಿ ಸೀತಾಫಲದ ಪೊದೆಗಳ ನಡುವೆ ನುಗ್ಗಿ ಗುಡ್ಡ ಹತ್ತಿತು. ನಾನು ಸೀರೆ ಎತ್ತಿ ಕಟ್ಟಿ, ಬಾಯಿಗೆ ಬಂದದ್ದನ್ನು ಬೈಯುತ್ತಾ ಬೆನ್ನು ಹತ್ತಿದೆ. ನಾನು ಬೈದಷ್ಟೂ ಅದು ಮೇಲೆ ಮೇಲೆ ಹೋಯಿತು.

‘ನಿಂದ್ರು ಸಣ್ಣಕ್ಕ, ಓಡಬ್ಯಾಡ’ ಎಂದ ತಮ್ಮ. ಅವನಿಗೆ ತಾಂಡೂರಿನ ಅಕ್ಕ ದೊಡ್ಡಕ್ಕ, ನಾನು ಸಣ್ಣಕ್ಕ. ರಸ್ತೆಯ ಅಂಚಿನಲ್ಲೇ ನಿಂತು, ನಾಲಿಗೆ ಮಡಿಚಿ, ಗಂಟಲಿನಿಂದ ಒಂದು ಕೂಗು ತೆಗೆದ. ಅಪ್ಪನೂ ಹಾಗೇ ಕೂಗುತ್ತಿದ್ದ. ಪೊದೆಯ ಸದ್ದು ನಿಂತಿತು. ಇನ್ನೊಮ್ಮೆ ಕೂಗಿದ. ಕುರಿ ಇಳಿದು ಬಂದು ಅವನ ಮೊಣಕಾಲಿಗೆ ತಲೆ ಒತ್ತಿ ನಿಂತಿತು. ಅವನು ಹಗ್ಗ ಹಿಡಿಯಲಿಲ್ಲ. ಕಲ್ಲಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ.

‘ಅಳಾಕ ಏನಾತು?’ ಎಂದೆ. ಹೆದರಿಕೆಯಾದಾಗ ನನ್ನ ಬಾಯಿಂದ ಬರುವುದು ಗದರಿಕೆಯೇ.

‘ಹಿಂಡು ಲಾರಿ ಹತ್ತಿದ ದಿನ ಕೂಗಿದ್ದೆ. ಅವೆಲ್ಲಾ ಹೊಳ್ಳಿ ನೋಡಿದ್ವು’ ಎಂದ. ಆಮೇಲೆ ನನ್ನ ಕಡೆ ನೋಡದೆ, ‘ದೊಡ್ಡಕ್ಕ ಇದನ್ನ ಇಳಿಸ್ಕೊಳ್ಳೂದಿಲ್ಲ’ ಎಂದ.

‘ಯಾಕ ಇಳಿಸ್ಕೊಳ್ಳೂದಿಲ್ಲ? ಆಕಿ ಕುರಿ ಆಕಿಗಿ ಕೊಡಾಕ ಹೊಂಟೀವಿ.’

‘ನಡಿ, ಇಂಜಿನ್ ಆರೇದ’ ಎಂದು ಎದ್ದ.

ಗುಡ್ಡ ಇಳಿದ ಮೇಲೆ ತಾಂಡೂರಿನವರೆಗೂ ತೊಗರಿ. ಹಳದಿ ಹೂ ಬಿಟ್ಟು ನಿಂತಿತ್ತು. ಹೊಲಗಳಿಗೆ ಕಲ್ಲಿನ ಚಪ್ಪಡಿಗಳನ್ನು ನೆಟ್ಟು ಬೇಲಿ ಮಾಡಿದ್ದಾರೆ ಅಲ್ಲಿ, ಅಷ್ಟು ಕಲ್ಲು. ಗಣಿಯ ಲಾರಿಗಳ ಬಿಳಿ ಧೂಳು ಕುರಿಯ ಬೆನ್ನ ಮೇಲೂ ನನ್ನ ತಲೆಯ ಮೇಲೂ ಕೂತಿತು. ತಮ್ಮನ ಮಾತು ನನ್ನನ್ನು ಕೊರೆಯುತ್ತಿತ್ತು. ಅವನ ಹತ್ತಿರ ಬಿಡಿಸಿ ಕೇಳಬೇಕೆಂದರೆ ನಾನು ಹಿಂದೆ, ಅವನು ಮುಂದೆ.

ಅಕ್ಕ ಅಂಗಳದಲ್ಲೇ ಇದ್ದಳು. ಭಾವ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗಿದ್ದರು. ತಂಬಿಗೆ ತುಂಬ ನೀರು ತಂದು ಇಬ್ಬರಿಗೂ ಕಾಲು ತೊಳೆಯಲು ಕೊಟ್ಟಳು. ಕುರಿಗೆ ಬಕೆಟ್ಟಿನಲ್ಲಿ ನೀರಿಟ್ಟಳು, ಬೆನ್ನಿನ ಧೂಳು ಕೊಡವಿದಳು, ಎಡಗಿವಿಯ ಸೀಳನ್ನು ಹೆಬ್ಬೆರಳಿನಿಂದ ಸವರಿದಳು. ಗಾಡಿಯಿಂದ ಕೆಳಗೆ ಮಾತ್ರ ಇಳಿಸಲಿಲ್ಲ. ಒಳಗೆ ಕರೆದು ರೊಟ್ಟಿ, ಪುಂಡಿಪಲ್ಯ, ಗಟ್ಟಿ ತೊಗರಿಬೇಳೆ ಬಡಿಸಿದಳು. ನಮ್ಮಿಬ್ಬರ ಮಕ್ಕಳ ಬಗ್ಗೆ ಕೇಳಿದಳು. ನಾನು ಅರ್ಧ ರೊಟ್ಟಿಯಲ್ಲೇ ಎದ್ದುಬಿಟ್ಟೆ.

‘ಕುರಿ ಬಿಸಲಾಗ ನಿಂತದ, ಇಳಿಸ್ತೀನಿ’ ಎಂದೆ.

‘ಅದು ಇಳಿಯೂದಿಲ್ಲ. ನೀ ಕೂತು ಉಣ್ಣು.’

‘ನಿನ್ನ ಕುರಿನೇ ಅದು.’

‘ನನ್ನ ಕುರಿ ಇರೂದು ತವರುಮನ್ಯಾಗ’ ಎಂದಳು ಅಕ್ಕ. ದನಿ ಏರಿಸಲಿಲ್ಲ. ‘ಅಪ್ಪ ಸೋದರತ್ತಿ ಕುರಿ ಹೊಡ್ಕೊಂಡು ಹೋಗಿದ್ದು ನೆನಪದ ಏನು ನಿನಗ?’

ನೆನಪಿತ್ತು. ನಾನಾಗ ಸಣ್ಣವಳು. ಅಪ್ಪನಿಗೂ ಅವನ ತಂಗಿಗೂ ಮಾತು ಬಿಟ್ಟಿತ್ತು. ಒಂದು ಬೆಳಿಗ್ಗೆ ಅಪ್ಪ ಅತ್ತೆಯ ಹೆಸರಿನ ಕುರಿಯನ್ನು ಹಿಂಡಿನಿಂದ ಬೇರೆ ಮಾಡಿ ಅವಳ ಊರಿಗೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದ. ಅತ್ತೆಗೆ ಉಡುಗೊರೆ ಕೊಟ್ಟು ರಾಜಿ ಮಾಡಿಕೊಂಡ ಎಂದೇ ಇಷ್ಟು ವರ್ಷ ತಿಳಿದಿದ್ದೆ.

‘ಕುರಿ ಒಯ್ದು ಬಿಟ್ರ ಋಣ ಹರೀತು ಅಂತ ಅರ್ಥ’ ಎಂದಳು ಅಕ್ಕ. ‘ಅತ್ತಿ ಮತ್ತ ಬರಲಿಲ್ಲ. ಅಪ್ಪ ಸತ್ತಾಗ ಬಾಗಿಲ ಹೊರಗ ನಿಂತು ಹೆಣ ಎತ್ತೂದು ನೋಡಿ ಹೋದಳು. ನೀರು ಸುದಾ ಕುಡೀಲಿಲ್ಲ. ನೀ ಫೋನ್ ಮಾಡಿ ಕುರಿ ತರ್ತೀವಿ ಅಂದಿ ನೋಡು, ನನಗೂ ಹಂಗೇ ಆತು ಅಂತ ತಿಳ್ಕೊಂಡೆ. ಹಿಂಡು ಮಾರ್ಯಾನಂತ ಸಿಟ್ಟು ಬಂದಿತ್ತು, ಖರೆ. ಅದು ದೊಡ್ಡದಲ್ಲ. ನನ್ನ ಕುರಿ ಎಲ್ಲದ ಅಂತ ಒಂದು ಮಾತು ಹೇಳಲಿಲ್ಲ ಇಂವ. ಈಗ ನೋಡಿದ್ರ ಇಬ್ಬರೂ ಕೂಡಿ ತಂದೀರಿ.’

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗಲೂ ನಾನು ಮಾಡುವುದು ಒಂದೇ. ತಮ್ಮನ ಕಡೆ ತಿರುಗಿ, ‘ನನಗಿದು ಗೊತ್ತಿರಲಿಲ್ಲ, ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?’ ಎಂದು ಎರಗಿದೆ.

ಅವನು ರೊಟ್ಟಿ ಮುರಿಯುತ್ತಾ, ‘ಸಣ್ಣಕ್ಕನ ಕೂಡ ಯಾರು ವಾದ ಮಾಡ್ತಾರ’ ಎಂದ.

ಅಕ್ಕ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಹಾಗೆ ನಗುತ್ತಲೇ ಅವಳ ಕಣ್ಣು ತುಂಬಿದವು. ‘ವಾಪಸ್ ಒಯ್ಯಿರಿ ಅದನ್ನ. ದೀಪಾವಳಿಗಿ ನಾ ಬರ್ತೀನಿ, ಅರಿಶಿನ ಹಚ್ಚಾಕ’ ಎಂದಳು. ಬಂದ ಕೆಲಸ ಆಯಿತಲ್ಲ, ನಾನು ಹೊಂದಿಸಿಕೊಂಡು ಬಂದ ಒಂದು ಉತ್ತರವೂ ಬೇಕಾಗಲಿಲ್ಲ.

ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. ‘ಹಿಂಡೇ ಇಲ್ಲ ಅಲ್ಲಿ. ಒಂದೇ ಕುರಿ ಹೆಂಗ ಬದಕ್ತದ? ದಾರ್ಯಾಗ ಅದರ ಒದರಾಟ ಕೇಳೀನಿ ನಾ’ ಎಂದೆ.

‘ಒಂದಲ್ಲ. ಎರಡದಾವ’ ಎಂದ ತಮ್ಮ.

‘ಇನ್ನೊಂದು ಯಾರದು?’

ಅಕ್ಕ ನನ್ನನ್ನೇ ನೋಡುತ್ತಿದ್ದಳು.

‘ನಂದು ಮಾರು ಅಂದಿದ್ದೆ ನಾ’ ಎಂದೆ.

‘ಬಸ್ಸಿನ್ಯಾಗ ಜಗಳ ಆಡ್ಕೋತ ಅಂದಿದ್ದಿ. ಅದನ್ನ ಮಾತು ಅಂತ ಹಿಡೀತಾರೇನು?’ ಎಂದ ತಮ್ಮ.

ಅಕ್ಕ ಕೊಟ್ಟ ತೊಗರಿ ಹೊಟ್ಟಿನ ಚೀಲಗಳನ್ನು ಟ್ರಾಲಿಯಲ್ಲಿ ಪೇರಿಸಿ, ನಡುವೆ ಕುರಿ ನಿಲ್ಲಿಸಿಕೊಂಡು ಹೊರಟೆವು. ಅಕ್ಕ ರಸ್ತೆಯವರೆಗೂ ಬಂದಳು. ಈ ಸಲ ನಾನು ಮುಂದೆ ಕೂತೆ. ಗುಡ್ಡ ಹತ್ತಿ ಇಳಿಯುವ ತನಕ ಹಾರ್ನ್ ಹೊಡಿ ಎನ್ನಲಿಲ್ಲ, ಎಡಕ್ಕೆ ತಗೋ ಎನ್ನಲಿಲ್ಲ. ಒಂದೆರಡು ಸಲ ತಮ್ಮ ನನ್ನ ಮುಖ ನೋಡಿದ, ಹುಷಾರಿಲ್ಲವೇನೋ ಎಂಬಂತೆ.

ಜಹೀರಾಬಾದಿನಲ್ಲಿ ನನ್ನ ಮನೆಯ ತಿರುವಿಗೆ ಗಾಡಿ ನಿಧಾನ ಮಾಡಿದ. ‘ನಡಿ ಮುಂದ’ ಎಂದೆ. ಅವನು ಗೇರ್ ಬದಲಿಸಿದ. ಮನೆಗೆ ಫೋನ್ ಮಾಡಿ ರಾತ್ರಿ ಬರುವುದಿಲ್ಲ ಎಂದೆ. ರಾಯಿಕೋಡ್ ಬಂತು. ಮಂಜೀರಾ ಬಂತು, ನೀರು ದಡ ಮುಟ್ಟಿ ನಿಂತಿತ್ತು. ಅದರಾಚೆ ಬಯಲು, ಕಪ್ಪು ನೆಲ, ಆಗಷ್ಟೇ ಬಿತ್ತಿದ ಬಿಳಿಜೋಳ. ನಾರಾಯಣಖೇಡ್ ಬಸ್ ಸ್ಟ್ಯಾಂಡ್ ಮುಂದೆ ಹಾದೆವು. ವಾರದಲ್ಲಿ ಎಷ್ಟೋ ಸಲ ಇಲ್ಲಿಯವರೆಗೆ ಬರುತ್ತೇನೆ, ಚಹಾ ಕುಡಿಯುತ್ತೇನೆ, ತಮ್ಮ ಒಮ್ಮೊಮ್ಮೆ ತಂದುಕೊಡುವ ಬುತ್ತಿ ಇಸಿದುಕೊಂಡು ಅದೇ ಬಸ್ಸಿನಲ್ಲಿ ಹೊಳ್ಳುತ್ತೇನೆ. ಇಲ್ಲಿಂದ ಮುಂದಿನ ತುಸು ದಾರಿ ಮಾತ್ರ ನನ್ನ ಡ್ಯೂಟಿಯಲ್ಲಿ ಬರುವುದಿಲ್ಲ.

‘ನನ್ನ ಕುರಿ ಹೆಂಗದ?’ ಎಂದು ಕೇಳಿದೆ.

‘ಚಲೋ ಅದ. ಮರಿ ಹಾಕೂದದ.’

‘ನನ್ನ ಗುರ್ತು ಹಿಡೀತದೇನು?’

ತಮ್ಮ ಸುಳ್ಳು ಹೇಳುವವನಲ್ಲ. ‘ಎಲ್ಲಿಂದ ಹಿಡೀಬೇಕು ಸಣ್ಣಕ್ಕ. ಅದು ಹುಟ್ಟಿದ ಮ್ಯಾಲ ನೀ ಬಂದೇ ಇಲ್ಲ’ ಎಂದ.

ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಹಟ್ಟಿಯ ಮುಳ್ಳುಬೇಲಿ ಹಾಗೇ ಇತ್ತು. ಅಷ್ಟು ದೊಡ್ಡ ಹಟ್ಟಿಯ ಮೂಲೆಯಲ್ಲಿ ಒಂದೇ ಕುರಿ ನಿಂತು, ಗಾಡಿಯೊಳಗಿನ ಕುರಿಯ ದನಿಗೆ ದನಿಗೂಡಿಸುತ್ತಿತ್ತು. ನಾನು ಹತ್ತಿರ ಹೋದೆ. ಅದು ಹಿಂದೆ ಸರಿಯಿತು. ಇನ್ನೊಂದು ಹೆಜ್ಜೆ ಇಟ್ಟೆ, ಮತ್ತೆ ಸರಿಯಿತು. ಹೊಸಬರು ಕಂಡರೆ ಕುರಿ ಹಾಗೆಯೇ ಮಾಡುತ್ತದೆ.

‘ಗಡಬಡ ಮಾಡಬ್ಯಾಡ. ಕೂಡು ಅಲ್ಲೇ’ ಎಂದ ತಮ್ಮ.

ನಾನು ಹಟ್ಟಿಯ ನೆಲದ ಮೇಲೆ ಕೂತೆ. ಕತ್ತಲಾಗುವ ಹೊತ್ತಿಗೆ ಅದು ತಾನಾಗಿಯೇ ಬಂದು ನನ್ನ ಸೆರಗು ಮೂಸಿತು. ಕೈ ಚಾಚಿ ಅದರ ಬಲಗಿವಿ ಮುಟ್ಟಿದೆ. ತೂತು ಇತ್ತು.