ಸಫಾದಿಂದ ಮರ್ವಾಕ್ಕೆ ಎಷ್ಟು ಸಲ?

ಒಬ್ಬ ಗಂಡಸು ತನ್ನನ್ನು ಪಂಡಿತನೆಂದುಕೊಳ್ಳಲು, ಸ್ನೇಹಿತರೇ, ಎರಡು ಮಡಚುಕುರ್ಚಿಗಳು ಸಾಕು. ತೊಂಬತ್ತರ ದಶಕದ ಕೊನೆಯಲ್ಲಿ, ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆಯಲ್ಲಿ, ನಮ್ಮ ಫ್ಲ್ಯಾಟಿನ ಕೆಳಗಿನ ಸಭಾಕೋಣೆಯಲ್ಲಿ, ನನ್ನ ಗಂಡನ ಅಣ್ಣ ಗೌಸ್‌ಸಾಬರು ಒಂದು ಕುರ್ಚಿಗೆ ‘ಸಫಾ’, ಇನ್ನೊಂದಕ್ಕೆ ‘ಮರ್ವಾ’ ಎಂದು ಚೀಟಿ ಅಂಟಿಸಿ, ಹಜ್‌ಗೆ ಹೊರಟವರಿಗೆ ಪಾಠ ಹೇಳುತ್ತಿದ್ದರು. ಹಿಂದಿನ ವರ್ಷ ತಾವು ಹೋಗಿಬಂದದ್ದೇ ತಡ, ಬಾಗಿಲ ಫಲಕದಲ್ಲಿ ಹೆಸರಿಗಿಂತ ದೊಡ್ಡದಾಗಿ ‘ಹಾಜಿ’ ಎಂದು ಬರೆಸಿದ್ದರು; ಟ್ರಾಮಿನ ಟಿಕೆಟ್ ಪರೀಕ್ಷಕನಿಗೂ ತಮ್ಮ ಅಂಗಾಲಿನ ಗುಳ್ಳೆಗಳ ಪುರಾಣ ಹೇಳದೆ ಬಿಡುತ್ತಿರಲಿಲ್ಲ.

ಗದಗಿನಿಂದ ಬಂದು ನಮ್ಮೊಡನಿದ್ದ, ಆ ವರ್ಷ ಹೊರಟವರಲ್ಲಿ ಒಬ್ಬಳಾದ ನನ್ನ ಅವ್ವನಿಗೆ ಇದ್ದದ್ದು ಒಂದೇ ಆಸೆ: ಮಕ್ಕಾದ ಸಫಾ, ಮರ್ವಾ ಎಂಬ ಆ ಎರಡು ಗುಡ್ಡಗಳ ನಡುವೆ ಏಳು ಸಲ ತನ್ನ ಕಾಲ ಮೇಲೆಯೇ ನಡೆಯಬೇಕು. ಅದಕ್ಕೆಂದೇ ಐಸೆಲ್ ಹೊಳೆಯ ಏರಿಯ ಮೇಲೆ, ಎದುರುಗಾಳಿಗೆ ಬೈಯುತ್ತ, ದಿನವೂ ಮೂರೂವರೆ ಕಿಲೋಮೀಟರ್ ನಡೆಯುತ್ತಿದ್ದಳು. ಅದರಾಚೆ ಮಂಡಿ ಒಲ್ಲೆ ಎನ್ನುತ್ತಿತ್ತು.

“ಆರೇಳು ಕಿಲೋಮೀಟರ್ ಆಗ್ತದ ಅತ್ತೀ, ನಿಮ್ಮ ಕೈಲೆ ಆಗೂದಿಲ್ಲ. ಗಾಲಿಕುರ್ಚಿಗೆ ಹೆಸರು ಬರದೀನಿ,” ಎಂದರು ಗೌಸ್‌ಸಾಬರು. ಅವ್ವ ಮೂರು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಈ ನಡಿಗೆ ಯಾರದು ಹೇಳಿ? ಕೂಸಿನ ಬಾಯಿಗೆ ಗುಟುಕು ನೀರು ಹುಡುಕುತ್ತ ಸಾವಿರಾರು ವರ್ಷಗಳ ಹಿಂದೆ ಆ ಗುಡ್ಡಗಳ ನಡುವಿನ ಬರಿ ಮರಳಿನಲ್ಲಿ ಅತ್ತಿಂದಿತ್ತ ಓಡಿದ ತಾಯಿ ಹಾಜರಾಳದು. ಅವಳಿಗೆ ಯಾವ ಭಾವ ಪಾಠ ಹೇಳಿದ್ದ? ಈಗ ಆ ದಾರಿಯಲ್ಲಿ ಗುರುತಿಗೆ ಹಾಕಿದ ಹಸಿರು ದೀಪಗಳ ನಡುವೆ ಗಂಡಸರು ಓಡಬೇಕು, ಹೆಂಗಸರು ಸಾವಕಾಶ ನಡೆಯಬೇಕು. ನಿಯಮಕ್ಕೆ ನಾನು ತಲೆಬಾಗುತ್ತೇನೆ. ಅದನ್ನು ಹೇಳುವಾಗಿನ ಭಾವನ ಮೀಸೆಯ ತಿರುವಿಗೆ ಬಾಗಲಾರೆ.

ಮುಂದಿನ ಪಾಠದಲ್ಲಿ ಅವರೇ ನಡೆದು ತೋರಿಸಿದರು. ಸಫಾದಿಂದ ಮರ್ವಾಕ್ಕೆ ಹೋಗಿ, ಮರಳಿ ಸಫಾಕ್ಕೆ ಬಂದು, “ಇದು ಒಂದು” ಎಂದರು. ಹೀಗೆ ಏಳಾಗುವಷ್ಟರಲ್ಲಿ ಬೆವರಿ, ಸಫಾದ ಮೇಲೆಯೇ ಕುಸಿದು ಕುಳಿತರು.

“ಗೌಸ್, ನಡಿಗಿ ಮುಗದ ಮ್ಯಾಲೆ ಪದ್ಧತಿ ಪ್ರಕಾರ ಕೂದಲಾ ಎಲ್ಲೆ ತಗದ್ರು ನಿಂದು?” ಎಂದಳು ಅವ್ವ.

“ಮರ್ವಾದ ಬಾಜೂಕ, ಅತ್ತೀ. ಎಲ್ಲಾರೂ ಅಲ್ಲೇ ಮುಗಸ್ತಾರ.”

“ಮತ್ತ ನೀ ಸಫಾದಾಗ ಕುಂತೀಯಲ್ಲೋ?”

“ಹೂಂ... ಕೂದಲಕ್ಕಂತ ಮತ್ತೊಮ್ಮೆ ಆ ಕಡೆ ನಡಕೊಂಡು ಹೋಗಿದ್ದೆ.”

“ಅಯ್ಯ ನನ್ನಪ್ಪಾ! ಹೋಗೂದು ಒಂದು, ಬರೂದು ಎರಡು. ಏಳನೇದು ಮರ್ವಾದಾಗ ತಾನ ಮುಗೀತದ. ಹದಿನೈದು ಸಲ ತಿರಗಿ ಬಂದು ನಮಗ ಪಾಠ ಹೇಳಾಕತ್ತಿ!”

ಹೆಂಗಸರ ಸಾಲಿನಲ್ಲಿ ಕಿಸಕ್ಕೆಂದಿತು. “ಹೆಚ್ಚು ನಡದ್ರ ಹೆಚ್ಚು ಪುಣ್ಯ,” ಎಂದು ಗೊಣಗಿದರು ಹಾಜಿಗಳು.

“ಆ ಪುಣ್ಯ ನಿನಗ ಇರಲಿ. ಏಳು ಸಲ ಅಂದ್ರ ನಿನ್ನ ಲೆಕ್ಕದ ಅರ್ಧಾ, ಮೂರು ಮೂರೂವರಿ ಕಿಲೋಮೀಟರ್; ಅಷ್ಟು ನಾ ದಿನಾ ನಡೀತೀನಿ. ಗಾಲಿಕುರ್ಚಿ ಪಟ್ಟಿಯಾಗಿನ ನನ್ನ ಹೆಸರು ಹೊಡದು ಹಾಕು.”

ಗೌಸ್‌ಸಾಬರು ಪೆನ್ನು ಹುಡುಕುವ ನೆಪದಲ್ಲಿ ಎಲ್ಲ ಜೇಬುಗಳನ್ನೂ ತಡವಿದರು. ಅವ್ವ ತನ್ನ ಪೆನ್ನನ್ನೇ ಕೊಟ್ಟು, ಅವರು ಗೆರೆ ಎಳೆಯುವವರೆಗೂ ನಿಂತೇ ಇದ್ದಳು.