ಆಲಿವ್ ಬೀಜದ ಮೂಟೆಗಳು

ಬೆಳಗಿನ ನಮಾಜು ಮುಗಿಸಿದ ಮಬ್ರೂಕಾ, ಸ್ಫಾಕ್ಸ್ ಬಂದರಿನ ಹಿಂದಿರುವ ತರಬೇತಿ ಶಾಲೆಯ ಬಾಗಿಲು ತೆರೆಯುತ್ತಾರೆ. ಬಿಸ್ಮಿಲ್ಲಾ ಎಂದು ನಾಲ್ಕು ಮೇಜುಗಳನ್ನು ಸಾಲಾಗಿ ಎಳೆದಿಡುತ್ತಾರೆ: ಅಂಗಡಿ, ಸಗಟು ಮಳಿಗೆ, ಗೋದಾಮು, ಗಿರಣಿ. ತೊಳೆದು ಒಣಗಿಸಿದ ಆಲಿವ್ ಬೀಜಗಳನ್ನು ಎಣಿಸಿ ಸುರಿಯುತ್ತಾರೆ. ಒಂದು ಬೀಜವೆಂದರೆ ಒಂದು ಮೂಟೆ ರವೆ.

ಸರಕು ಸಾಗಣೆಯ ಪಾಠ ಹೇಳುವ ಮೇಷ್ಟ್ರುಗಳ ಹೆಸರು ಹೊರಗಿನ ಫಲಕದಲ್ಲಿದೆ. ಒಂಬತ್ತು ವರ್ಷಗಳಿಂದ ವಾರಕ್ಕೆ ಮೂರು ತಂಡಗಳಿಗೆ ಬೀಜಗಳ ಆಟ ಆಡಿಸುತ್ತಿರುವ ಈ ಅರವತ್ತಮೂರರ ಹೆಂಗಸಿನ ಹೆಸರಿಲ್ಲ. ಕಲಿಯಲು ಬರುವ ಗುಮಾಸ್ತರಿಗೆಲ್ಲ ಆಕೆ ‘ಖಾಲ್ತಿ’, ಚಿಕ್ಕಮ್ಮ.

ಆಟದಲ್ಲಿ ಪ್ರತಿ ಮೇಜಿನವರೂ ಬೇಕಾದ್ದನ್ನು ಚೀಟಿಯಲ್ಲಿ ಬರೆದು, ಗಿರಣಿಯ ಕಡೆಗಿರುವ ಮುಂದಿನ ಮೇಜಿಗೆ ಕಳಿಸಬೇಕು. ಸರಕು ಬರಲು ಎರಡು ಸುತ್ತು ಹಿಡಿಯುತ್ತದೆ. ಮೇಜುಗಳ ನಡುವೆ ಮಾತಾಡುವಂತಿಲ್ಲ. ಐದನೆಯ ಸುತ್ತಿಗೆ ಆಟದ ಲೆಕ್ಕದಲ್ಲಿ ರಮದಾನ್ ಹತ್ತಿರವಾಗಿ, ಅಂಗಡಿಗೆ ನಾಲ್ಕರ ಬದಲು ಆರು ಮೂಟೆ ಬೇಕಾಗುತ್ತದೆ. ಅಷ್ಟಕ್ಕೇ ಅಂಗಡಿ ಹತ್ತು ಬರೆಯುತ್ತದೆ, ಮಳಿಗೆ ಹದಿನೆಂಟು, ಗೋದಾಮು ನಲವತ್ತು. ಆಟ ಮುಗಿಯುವಾಗ ಗೋದಾಮಿನ ಮೇಜಿನಿಂದ ಬೀಜಗಳು ನೆಲಕ್ಕೆ ಉದುರುತ್ತಿರುತ್ತವೆ.

“ಲಸಾದ್, ಮೊದಲು ಕೇಳಿದ್ದು ಇನ್ನೂ ದಾರೀಲಿತ್ತಲ್ಲೋ, ಮತ್ತೆ ಯಾಕೆ ಬರೆದೆ?” ಎಂದು ಮಬ್ರೂಕಾ ಗೋದಾಮಿನ ಮೇಜಿನ ಹುಡುಗನನ್ನು ಕೇಳುತ್ತಾರೆ.

“ಬರ್ಲಿಲ್ವಲ್ಲ ಖಾಲ್ತಿ, ಕೈ ತಡೀಲಿಲ್ಲ!”

“ಇವನ ಮದುವೆ ಊಟಕ್ಕೆ ಈಗ್ಲೇ ದಾಸ್ತಾನು,” ಎಂದು ಪಕ್ಕದ ಮೇಜಿನ ರೌಧಾ ಕಿಚಾಯಿಸುತ್ತಾಳೆ. ಎಲ್ಲರೂ ನಗುತ್ತಾರೆ. ಮಬ್ರೂಕಾ ನಗುವುದಿಲ್ಲ.

ಹನ್ನೊಂದು ವರ್ಷಗಳ ಹಿಂದೆ ಆಕೆ ನಿಜವಾದ ರವೆ ಗೋದಾಮಿನ ಗುಮಾಸ್ತೆ. ರಮದಾನ್‌ಗೆ ಮುಂಚೆ ಕೇಳಿದ ಮೂಟೆ ಬರುವುದು ತಡವಾಯಿತೆಂದು ಮತ್ತೆ ಬರೆದರು, ಮೂರನೆಯ ಸಲವೂ ಬರೆದರು. ಎಲ್ಲವೂ ಈದ್ ಕಳೆದ ಮೇಲೆ ಒಟ್ಟಿಗೆ ಬಂತು. ರವೆಗೆ ಹುಳು ಬಿತ್ತು. ಗೋದಾಮು ತುಂಬಿದ್ದರಿಂದ ಮೂರು ತಿಂಗಳು ಹೊಸ ಲಾರಿ ಬರಲಿಲ್ಲ. ಇಳಿಸಲು ಮೂಟೆಯಿಲ್ಲದೆ ಹದಿನಾಲ್ಕು ಹಮಾಲರು ಕೆಲಸ ಕಳೆದುಕೊಂಡರು. ಅವರಲ್ಲೊಬ್ಬ ತಂಗಿಯ ಗಂಡ ಬಶೀರ್. ಗಾಬೆಸ್‌ಗೆ ಹೋಗಿ ನೆಲೆಸಿದ ಆತ ಇಂದಿಗೂ ಈದ್‌ಗೆ ಬರುವುದಿಲ್ಲ, ತಂಗಿಯನ್ನೂ ಕಳಿಸುವುದಿಲ್ಲ.

ಇದನ್ನು ಮಬ್ರೂಕಾ ಬಾಯಿಂದಲೇ ಕೇಳಿದ ಲಸಾದ್ ಹೇಳುತ್ತಾನೆ: “ಅವ್ರನ್ನ ಇಲ್ಲಿಗೆ ಕರೆಸಿ ಆಡ್ಸಿ ಖಾಲ್ತಿ. ಅವ್ರೂ ನನ್ ಥರಾನೇ ಬರೀತಾರೆ. ನಿಮ್ಮ ತಪ್ಪಲ್ಲ ಅಂತ ಅವ್ರಿಗೇ ಗೊತ್ತಾಗತ್ತೆ.”

ಮಬ್ರೂಕಾ ನೆಲದ ಬೀಜಗಳನ್ನು ಆಯ್ದು ಮಡಿಲಿಗೆ ತುಂಬಿಕೊಳ್ಳುತ್ತಾರೆ.

“ಅದಕ್ಕೇ ಕರೆದಿಲ್ಲ ಮಗಾ. ಇಲ್ಲಿ ಮಾತಾಡ್ಬೇಡಿ ಅಂತ ನಾನು ಕಟ್ಟು ಹಾಕಿದೀನಿ. ಆವತ್ತು ನಂಗೆ ಯಾರು ಹಾಕಿದ್ರು? ಫೋನು ಮೇಜಿನ ಮೇಲೇ ಇತ್ತು. ಗಿರಣಿಯವರನ್ನ ‘ನನ್ನ ಮೂಟೆ ಎಲ್ಲಿಗೆ ಬಂತು’ ಅಂತ ಕೇಳ್ಲಿಲ್ಲ ನಾನು. ಬಶೀರನಿಗೆ ಆಟ ತೋರಿಸಿ ತಪ್ಪಿಸ್ಕೊಳ್ಳೋದು ಬೇಡ. ಅವನ ಬಾಗಿಲಿಗೆ ಹೋಗಿ, ಕೇಳ್ದೇ ಇದ್ದದ್ದು ನನ್ನ ತಪ್ಪು ಅಂತ ಇಷ್ಟು ಹೇಳ್ಬೇಕು. ಹೇಳೋ ಧೈರ್ಯಾನ ದೇವರು ಈ ವರ್ಷವಾದ್ರೂ ಕೊಟ್ರೆ ಸಾಕು.”